ಅನಿವಾರ್ಯವೆಂಬ ಮಾತು

ಸತ್ತವರೆದ್ದು ಬದುಕಿರುವವರನ್ನು ಕಚ್ಚುವ ಕಥೆಯಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ನೀವು ಕೇಳಬಹುದು. ‘ದಿ ವಾಕಿಂಗ್ ಡೆಡ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯಲ್ಲಿ 2014ರ ಮಾರ್ಚ್ 16ರಂದು ಪ್ರಸಾರವಾದ ‘ದಿ ಗ್ರೋವ್’ ಎಂಬ ಕಂತು ಆ ಎಡೆಯನ್ನು ತೋರಿಸುತ್ತದೆ. ನಡೆದಾಡುವ ಶವಗಳನ್ನು ಲಿಜ್ಜೀ ಎಂಬ ಬಾಲೆ ಗೆಳೆಯರೆಂದೇ ಭಾವಿಸಿದ್ದಾಳೆ. ಮರಳಿ ಏಳುವಳೆಂದು ನಂಬಿ ತಂಗಿ ಮೀಕಾಳನ್ನು ಇರಿದು ಕೊಲ್ಲುತ್ತಾಳೆ. ಅದರಲ್ಲಿ ದ್ವೇಷದ ಲೇಶವೂ ಇಲ್ಲ! ಮುಂದಿನ ಸರದಿ ಕೈಗೂಸು ಜೂಡಿತಳದು. ಅಂತಹ ಮಗುವನ್ನು ಒಪ್ಪಿಸಲು ಆ ಲೋಕದಲ್ಲಿ ವೈದ್ಯನಿಲ್ಲ, ಸರಕಾರವಿಲ್ಲ. ಸಾಕುತಾಯಿಯಂತಿದ್ದ ಕ್ಯಾರೊಲ್ ಹೂಗಳನ್ನು ನೋಡೆಂದು ಹೇಳಿ ಹಿಂದಿನಿಂದ ಗುಂಡು ಹಾರಿಸುತ್ತಾಳೆ.

ಇದು ಕರುಣೆಯೋ, ಕೊಲೆಯೋ? ಅನಿವಾರ್ಯವೆಂದು ಬಹುಜನರು ಹೇಳುವರು. ಅನಿವಾರ್ಯತೆಯು ಕೃತ್ಯಕ್ಕೆ ಕಾರಣವನ್ನು ಕೊಡಬಲ್ಲುದೇ ಹೊರತು ಕರ್ತೃವಿನ ಹೊಣೆಯನ್ನು ಕಳೆಯಲಾರದು. ಹಿಂದೆ ಸೆರೆಮನೆಯಲ್ಲಿ ತಂಗಿದ್ದಾಗ ಸೋಂಕನ್ನು ತಡೆಯಲೆಂದು ಇದೇ ಕ್ಯಾರೊಲ್ ರೋಗಿಗಳಿಬ್ಬರನ್ನು ಕೊಂದಿದ್ದಳು. ಅಂದೂ ಅನಿವಾರ್ಯದ ಮಾತೇ. ರೋಗ ಮಾತ್ರ ನಿಲ್ಲಲಿಲ್ಲ. ಈಗ ಅವಳು, ಹತಳಾದ ಕರೆನ್‌ಳನ್ನು ಪ್ರೀತಿಸಿದ್ದ ಟೈರೀಸನ ಮುಂದೆ ಪಿಸ್ತೂಲನ್ನಿಟ್ಟು ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ. ತೀರ್ಪಿಗೆ ತಲೆಯೊಡ್ಡಿದ ಆ ಗಳಿಗೆಯೇ ನಮಗೆ ಹಿರಿದಾಗಿ ಕಾಣುತ್ತದೆ. ಅವನು ಕ್ಷಮಿಸುತ್ತಾನೆ, ಮರೆಯಲಾರೆನೆಂದೂ ಹೇಳುತ್ತಾನೆ. ಬಳಿಕ ಇಬ್ಬರೂ ಆ ಮನೆಯನ್ನು ತೊರೆದು ಕೂಸಿನೊಡನೆ ಹೊರಡುತ್ತಾರೆ.