ಹುಟ್ಟದ ಮಕ್ಕಳ ಜೀತ

ನಮ್ಮಪ್ಪ ಸಾಲ ಮಾಡಿದ. ತೀರಿಸಿದವಳು ನಮ್ಮಕ್ಕ. ಮಾಗಡಿಯಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನಿನ ಮುಂದೆ ನಿಂತಾಗ ಅವಳಿಗೆ ಒಂಬತ್ತು ವರ್ಷ. ಧಣಿ ಕೊಟ್ಟ ಅಡ್ವಾನ್ಸನ್ನು ಅವಳು ಕಣ್ಣಲ್ಲೂ ನೋಡಲಿಲ್ಲ. ವಾರವಾರ ಕೂಲಿಯಲ್ಲಿ ಹಿಡಿದುಕೊಂಡರೂ ಸಾಲ ಮಾತ್ರ ಇದ್ದಷ್ಟೇ ಇತ್ತು. ನಾವು ಸ್ಕೂಲಿಗೆ ಹೋದೆವು. ಮನೆತನದಲ್ಲಿ ಮೊದಲ ಡಿಗ್ರಿ ತಂದೆವು. ಆ ಕಾಗದದಲ್ಲಿ ಅಕ್ಕನ ಹೆಸರಿಲ್ಲ.

ಇದು ನಮ್ಮೊಂದು ಮನೆಯ ಕತೆಯಲ್ಲ. ಜೀತ ಅಪರಾಧ ಅಂತ 1976ರಲ್ಲೇ ಕಾಯ್ದೆ ಬಂತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದೊಳಗಿನ ಮಕ್ಕಳ ಜೀತದ ಮೇಲೆ ವರದಿ ತಂದಾಗ ಕರ್ನಾಟಕವೂ ಅದರಲ್ಲಿತ್ತು. ಕಾಯ್ದೆಗೆ ಆಗ 27 ವರ್ಷ ತುಂಬಿತ್ತು.

ಈಗ ಉದ್ಯಮದ ನೀತಿ ಅಂತ ದೊಡ್ಡವರು ಮಾತಾಡ್ತಾರೆ. ಪ್ರಕೃತಿ, ಸಮಾಜ, ಮುಂದಿನ ಪೀಳಿಗೆ ಅನ್ನುತ್ತಾರೆ. ಕೇಳಿದಾಗಲೆಲ್ಲ ನಮಗೆ ಅಕ್ಕನ ನೆನಪು. ಜೀತ ಅಂದರೇನು? ಒಬ್ಬರು ತಿಂದ ಸಾಲವನ್ನು, ಆ ಮಾತುಕತೆಯಲ್ಲೇ ಇಲ್ಲದ ಇನ್ನೊಬ್ಬರ ಮೈಯಿಂದ ವಸೂಲು ಮಾಡುವುದು. ಇವತ್ತಿನ ಲಾಭಕ್ಕೆ ನಾಳೆ ಹುಟ್ಟುವವರ ನೀರು ಮಣ್ಣನ್ನು ಅಡ ಇಡುವುದೂ ಅದೇ ಅಲ್ಲವೆ?

ವೃಷಭಾವತಿಯನ್ನು ನೋಡಿ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದ ಹೊಳೆ ಅಂತ ಪ್ರತೀತಿ. ಬೆಂಗಳೂರಿನ ಮನೆಗಳ ಕಕ್ಕಸು, ಕಾರ್ಖಾನೆಗಳ ವಿಷ ಎರಡನ್ನೂ ಹೊತ್ತುಕೊಂಡು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತೆ. ಆಮೇಲೆ ಕನಕಪುರ ಸೀಮೆಯಲ್ಲಿ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. 1940ರ ದಶಕದಲ್ಲಿ ಬೇಸಾಯಕ್ಕೆಂದು ಕಟ್ಟಿದ ಕೆರೆಯಲ್ಲಿ ಈಗ ಬಿಳಿ ನೊರೆ ಏಳುತ್ತೆ. ಭತ್ತದ ಗದ್ದೆಗಳಲ್ಲಿ ಸೀಮೆಹುಲ್ಲು, ಬೇಬಿಕಾರ್ನ್ ಬೆಳೀತಾರೆ. ನೀರಲ್ಲೂ ಮಣ್ಣಲ್ಲೂ ಭಾರಲೋಹ ಇದೆ ಅಂತ ಅಧ್ಯಯನಗಳು ಹೇಳಿವೆ. ಸೀಸ, ಕ್ರೋಮಿಯಂ ಕೊಳೆತು ಹೋಗುವ ವಸ್ತುಗಳಲ್ಲ. ಮಣ್ಣಿಗೆ ಒಮ್ಮೆ ಕೂತರೆ ತಲೆಮಾರು ಕಳೆದರೂ ಏಳುವುದಿಲ್ಲ. ಇದೇ ಆ ಸಾಲದ ಬಡ್ಡಿ.

2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಬರುವ ಎಷ್ಟೋ ಮೊದಲೇ ಬೆಂಗಳೂರಿನ ಕೊಳೆ ಬಂದಿತ್ತು.

ಈ ಏರ್ಪಾಡು ನಮಗೆ ಹೊಸದಲ್ಲ. ಊರು ಮೇಲೆ, ಕೇರಿ ಕೆಳಗೆ. ಊರಿನ ಹೊಲಸೆಲ್ಲ ಕೇರಿ ಕಡೆಗೆ. ಮನು ಹಾಕಿದ ಚರಂಡಿಯನ್ನೇ ಬಂಡವಾಳ ಅಗಲ ಮಾಡಿಕೊಂಡಿದೆ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದು ನೀರು ಮುಟ್ಟಿದರು. ಮುಟ್ಟುವ ಹಕ್ಕು ಸಿಕ್ಕಿತು. ಇಲ್ಲಿ ನೀರನ್ನೇ ಮುಟ್ಟದ ಹಾಗೆ ಮಾಡಿಟ್ಟಿದ್ದಾರೆ.

ಹಾಗಾದ್ರೆ ಫ್ಯಾಕ್ಟರಿ ಮುಚ್ಚಬೇಕಾ ಅಂತ ಕೇಳ್ತೀರಿ. ಇಲ್ಲ. ಹಳ್ಳಿಯ ಹೊಲ ಸ್ವರ್ಗವಾಗಿತ್ತು ಅಂತ ಹಾಡುವವರು ನಾವಲ್ಲ. ಆ ಹೊಲದಲ್ಲಿ ನಮ್ಮ ತಾತ ಆಳಾಗಿದ್ದ. ಬಿಡದಿಯ ಕಾರ್ಖಾನೆಗಳಲ್ಲಿ ನಮ್ಮ ಹುಡುಗರಿದ್ದಾರೆ. ಅವರ ಸಂಬಳದಿಂದ ಗುಡಿಸಲು ಹೋಗಿ ತಾರಸಿ ಬಂದಿದೆ. ಆ ಅನ್ನವನ್ನು ನಾವೂ ಉಂಡಿದ್ದೇವೆ. ಅದಕ್ಕೇ ಈ ಪ್ರಶ್ನೆ ನಮಗೂ ತಗಲುತ್ತೆ. ಅಕ್ಕನ ದುಡಿಮೆಯಲ್ಲಿ ಓದಿದವರು ಹುಟ್ಟದ ತಮ್ಮ ತಂಗಿಯರ ದುಡಿಮೆಯಲ್ಲಿ ಬದುಕುವುದು ಸರಿಯೆ?

2013ರ ಕಂಪನಿ ಕಾಯ್ದೆ, ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತೆ. ಶಾಲೆಗೆ ಬೆಂಚು ಬರುತ್ತೆ, ಬೆಂಚಿನ ಮೇಲೆ ಕಂಪನಿ ಹೆಸರೂ ಬರುತ್ತೆ. ಬೇಡ ಅನ್ನಲ್ಲ. ಆದರೆ ಸಾಲಗಾರ ದಾನಿಯ ವೇಷ ಹಾಕಬಾರದು. ಲಾಭದಲ್ಲಿ ಎರಡು ಪಾಲು ಕೊಟ್ಟರೆ ಹೊಳೆ ತೊಳೆದಂತಾಗುವುದಿಲ್ಲ. ಕೆಡಿಸಿದವನೇ ಸರಿಮಾಡುವ ಖರ್ಚು ಹೊರಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲೇ ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಹೇಳಿದೆ. ಅದು ದಾನವಲ್ಲ, ಋಣ.

ಚನ್ನಪಟ್ಟಣದ ಗೊಂಬೆಗೆ ಆಲೆಮರ ಕಡಿದರೆ ಇನ್ನೊಂದು ಸಸಿ ನೆಡಬಹುದು. ಕನಕಪುರದ ಬಂಡೆ ಸೀಳಿ ಹಡಗು ಹತ್ತಿಸಿದರೆ ಯಾವ ಸಸಿ ನೆಡುತ್ತೀರಿ? ಮತ್ತೆ ಬೆಳೆಯುವುದನ್ನು ಬೆಳೆಯುವಷ್ಟೇ ತಗೊಳ್ಳಿ. ಬೆಳೆಯದ್ದನ್ನು ಮುಟ್ಟುವಾಗ ನಡುಗಿ. ಕೆಡಿಸಿದ ನೀರನ್ನು ತೊಳೆದು ಬಿಡಿ. ಆಮೇಲೆ ಲಾಭ ಎಷ್ಟು ಅಂತ ಎಣಿಸಿ. ಉದ್ಯಮದ ನೀತಿ ಇಷ್ಟೇ.

ಅಕ್ಕನಿಗೆ ಈಗ ತನ್ನ ಮಗಳಿದ್ದಾಳೆ, ಸ್ಕೂಲಿಗೆ ಹೋಗ್ತಾಳೆ. ಅವಳನ್ನು ಯಾವ ಮಿಷನ್ನಿನ ಮುಂದೆಯೂ ನಿಲ್ಲಿಸಲ್ಲ ಅಂತ ಅಕ್ಕ ಹಟ ಹಿಡಿದಿದ್ದಾಳೆ. ಆದರೆ ಆ ಮಗಳಿಗೆ ಹುಟ್ಟುವ ಮಗುವಿನ ಪಾಲಿನ ನೀರು ಆಗಲೇ ಅಡಕ್ಕೆ ಬಿದ್ದಿದೆ. ಆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಯಾರು? ಲೆಕ್ಕ ಕೊಡಿ ಸ್ವಾಮಿ. ನಾವು ಈಗ ಓದು ಬಲ್ಲವರು.