ಉಯಿಲಿನಲ್ಲಿ ಮಗಳ ಹೆಸರು

ಆಸ್ತಿ ನಮ್ಮ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಅದನ್ನು ಮನಸ್ಸಿಗೆ ಬಂದವರಿಗೆ ಬರೆದುಬಿಡಬಹುದೇ? ಕ್ರೈಸ್ತರಾದ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ‘ಬರೆಯಬಹುದು’ ಎನ್ನುತ್ತದೆ. ಹೆಂಡತಿ ಮಕ್ಕಳಿಗೆ ಇಷ್ಟು ಬಿಡಲೇಬೇಕೆಂಬ ಕಟ್ಟುಪಾಡೂ ಅದರಲ್ಲಿಲ್ಲ. ಮನಸ್ಸಾಕ್ಷಿ ಏನನ್ನುತ್ತದೆ ಎಂಬುದು ಬೇರೆ ಮಾತು.

ಉಯಿಲು ಬರೆಯದೆ ತಂದೆ ತೀರಿಕೊಂಡರೆ ತಾಯಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮನಾಗಿ. ನೆರೆಯ ಕೇರಳದ ತಿರುವಾಂಕೂರು ಭಾಗದಲ್ಲಿ ಹೀಗಿರಲಿಲ್ಲ. ಅಲ್ಲಿನ 1916ರ ಕಾಯ್ದೆಯಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು! ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿನಲ್ಲಿ 1986ರಲ್ಲಿ ಗೆದ್ದ ಮೇಲೆ ಅಲ್ಲೂ ಸಮಪಾಲು ಬಂತು. ಆಕೆಯ ತಂದೆ ಉಯಿಲು ಬರೆದಿರಲಿಲ್ಲ. ಮಗಳನ್ನು ಬಿಟ್ಟು ಬರೆದಿದ್ದರೆ ಸಮಪಾಲಿನ ಮಾತೇ ಏಳುತ್ತಿರಲಿಲ್ಲ.

ಆದ್ದರಿಂದ ಪಾಪಿರೆಡ್ಡಿಪಟ್ಟಿಯ ಕಡೆ ಹಿರಿಯರು ಉಯಿಲು ಬರೆಸಲು ಹೊರಟರೆ ನಾವು ಕೇಳಬೇಕಾದದ್ದು ಒಂದೇ: ಮಗಳಿಗೇನು? ‘ಮದುವೆಗೇ ಎಲ್ಲ ಕೊಟ್ಟಾಯ್ತಲ್ಲ’ ಎನ್ನುತ್ತಾರೆ. ಮಗನ ಕಾಲೇಜು ಫೀಸು, ಬೈಕು, ಅವನ ಮದುವೆಯ ಊಟ ಇವನ್ನು ಯಾರೂ ಪಾಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲರಿಗೂ ಸಮನಾಗಿಯೇ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಅಂಗವಿಕಲ ಮಗುವಿಗೆ, ಕೊನೆಗಾಲದಲ್ಲಿ ನೋಡಿಕೊಂಡವರಿಗೆ ಹೆಚ್ಚು ಕೊಡುವುದು ನ್ಯಾಯವೇ, ಉಯಿಲು ಬೇಕಾಗುವುದೇ ಅಂಥ ಕಡೆ.

ದೇವಾಲಯಕ್ಕೆ ಬರೆದರೂ ಈ ಪ್ರಶ್ನೆ ತಪ್ಪದು. ಧರ್ಮಕಾರ್ಯಕ್ಕೆ ಆಸ್ತಿ ಬರೆಯಲು ಕ್ರೈಸ್ತರಿಗಿದ್ದ ತೊಡಕನ್ನು, ಅಂದರೆ ಕಾಯ್ದೆಯ 118ನೇ ಸೆಕ್ಷನ್ನನ್ನು, ವಂದನೀಯ ಜಾನ್ ವಳ್ಳಮಟ್ಟಂ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರಲ್ಲಿ ರದ್ದು ಮಾಡಿತು. ಒಳ್ಳೆಯದೇ ಆಯಿತು. ಆದರೆ ಸಂತ ಮಾರ್ಕರ ಶುಭಸಂದೇಶದ 7ನೇ ಅಧ್ಯಾಯದಲ್ಲಿ, ‘ಕೊರ್ಬಾನ್’ ಎಂದು ದೇವರ ಹೆಸರಿಗೆ ಮುಡಿಪಿಟ್ಟು ಹೆತ್ತವರನ್ನು ಕೈಬಿಟ್ಟವರನ್ನು ಯೇಸುಸ್ವಾಮಿ ಮೆಚ್ಚಲಿಲ್ಲ.

ಇನ್ನು ಬರೆಯುವ ಕ್ರಮ. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ನೋಡಿದ ಇಬ್ಬರು ಸಾಕ್ಷಿಗಳು ಅವರೆದುರೇ ಸಹಿ ಹಾಕಬೇಕು. ಪಾಲು ಪಡೆಯುವವರೋ ಅವರ ಗಂಡ ಹೆಂಡತಿಯೋ ಸಾಕ್ಷಿಯಾದರೆ ಆ ಪಾಲು ಕೈತಪ್ಪುತ್ತದೆ. ತಮಿಳು ಓದಲು ಬಾರದ ಅಜ್ಜಿಯಿಂದ ತಮಿಳು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದೇಕೆ? ಕನ್ನಡದಲ್ಲಿ ಬರೆದರೂ ಉಯಿಲು ಉಯಿಲೇ. ನೋಂದಣಿ ಕಡ್ಡಾಯವಲ್ಲ. ಮಾಡಿಸುವುದಾದರೆ, ಸಬ್ ರಿಜಿಸ್ಟ್ರಾರರಿಗೆ ಕನ್ನಡ ಬಾರದಿದ್ದಲ್ಲಿ ತಮಿಳು ಅನುವಾದ ಜೊತೆಗಿಡಬೇಕು. ಈಗಾಗಲೇ ತಮಿಳಿನಲ್ಲಿ ಬರೆಸಿರುವವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಲು ನಮ್ಮ ಯುವಜನರು ಭಾನುವಾರದ ಬಲಿಪೂಜೆಯ ನಂತರ ಸಿಗುತ್ತಾರೆ. ಕೇಳಿದ ಮೇಲೆ ಮನಸ್ಸಿಗೆ ಒಪ್ಪದಿದ್ದರೆ, ಬುದ್ಧಿ ಸ್ವಾಧೀನದಲ್ಲಿರುವವರೆಗೂ ಬದಲಿಸಬಹುದು.