ಕರಡಿನ ತಿದ್ದುವಿಕೆಯೂ ಅಪರಿಗ್ರಹವೂ

ಕಾದಂಬರಿಯೊಂದರ ಕರಡು ಮುಗಿದ ಬಳಿಕ ಅದರ ಗದ್ಯವನ್ನು ತಿದ್ದಿ ತೀಡುವ ಕಾರ್ಯವನ್ನು ನಾವು ಸಾಮಾನ್ಯವಾಗಿ ಕಲೆಯ ವಿಷಯವೆಂದೇ ಎಣಿಸುತ್ತೇವಾದರೂ, ಅದರ ಬುಡದಲ್ಲಿ ಧರ್ಮಜಿಜ್ಞಾಸೆಯೊಂದು ಅಡಗಿದೆಯೆಂಬುದು ನನ್ನ ನಂಬಿಕೆ: ತಾನು ಬರೆದ ಮಾತಿನ ಮೇಲೆ ಬರೆದವನಿಗೆ ಇರುವ ಹಕ್ಕಾದರೂ ಎಷ್ಟು?

ಈ ಪ್ರಶ್ನೆಗೆ ಶರಣರ ಕಥೆಯೊಂದು ದಾರಿ ತೋರುತ್ತದೆ. ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ನಾಳೆಗೆಂದು ಕೂಡಿಡಲಿಲ್ಲ. ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಆ ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಕದ್ದದ್ದೂ ಆಗಿರಲಿಲ್ಲ. ಅಂದಿಗೆ ಬೇಡವಾಗಿತ್ತು, ಅಷ್ಟೆ. ಕರಡಿನಲ್ಲಿ ಕೆಟ್ಟ ವಾಕ್ಯವನ್ನು ಹೊಡೆದುಹಾಕಲು ವಿವೇಕ ಸಾಕು. ಒಳ್ಳೆಯದಾಗಿದ್ದೂ ಬೇಡವಾದ ವಾಕ್ಯವನ್ನು ಬಿಟ್ಟುಕೊಡಲು ವೈರಾಗ್ಯವೇ ಬೇಕು.

ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ದಂಡೆಗಿರುವ ಮುಕ್ಕುಂದವನ್ನು ಕಥಾಭೂಮಿಯಾಗಿ ಆರಿಸಿಕೊಂಡ ಕಾದಂಬರಿಕಾರನೊಬ್ಬನನ್ನು ಭಾವಿಸೋಣ. ಹೊಳೆಯ ಪಾಲಾದ ಮಗನ ತಾಯಿಯನ್ನು ಕುರಿತು, ‘ಶೋಕಸಾಗರದಲ್ಲಿ ಮುಳುಗಿದ ಆಕೆಯ ಕಣ್ಣುಗಳಿಂದ ಮತ್ತೊಂದು ತುಂಗಭದ್ರೆಯೇ ಹರಿಯಿತು, ಮಗನ ಗಂಗಾಳವನ್ನು ತೊಳೆದು ಬೋರಲಿಟ್ಟಳು’ ಎಂದು ಆತ ಬರೆದಿದ್ದಾನೆ. ಮೊದಲ ಭಾಗ ಬರೆದಂದು ಅವನಿಗೆ ಅಪಾರ ಹಿಗ್ಗು ತಂದಿರಬೇಕು. ಆದರೆ ಕಣ್ಣಿನಿಂದ ಹರಿದ ಆ ಹೊಳೆ ಬರೆದವನದು, ಗಂಗಾಳವೊಂದೇ ತಾಯಿಯದು. ಹೊಳೆಯನ್ನು ತೆಗೆದರೆ ಉಳಿಯುವುದು ನಾಲ್ಕು ಪದ, ದುಃಖವೆಲ್ಲವೂ ಆ ನಾಲ್ಕರಲ್ಲಿದೆ. ಆ ತಾಯಿಯ ಅಳಲನ್ನು ತನ್ನ ಚಾತುರ್ಯದ ಪ್ರದರ್ಶನಕ್ಕೆ ಬಳಸಿಕೊಳ್ಳುವುದನ್ನು ಶೈಲಿದೋಷವೆಂದಷ್ಟೇ ಕರೆಯಲು ನನ್ನ ಮನಸ್ಸು ಒಪ್ಪದು. ಅದು ಪರಸ್ವಾಪಹರಣವೇ ಸರಿ.

ಹಾಗೆಂದು ಮಿತೋಕ್ತಿಯೇ ಪರಮಧರ್ಮವೆಂದು ಸಾರಹೊರಟರೆ ಅದೂ ತಪ್ಪಾದೀತು. ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನದಲ್ಲಿ ತನ್ನ ನಿಜನಾಮವನ್ನೇ ಉಳಿಸಿಹೋದ ಅಶೋಕನು, ನಮ್ಮ ಸನ್ನತಿಯಲ್ಲಿಯೂ ದೊರೆತಿರುವ ಹದಿನಾಲ್ಕನೆಯ ಶಾಸನದಲ್ಲಿ, ಕೆಲವು ಮಾತುಗಳನ್ನು ಅವುಗಳ ಮಾಧುರ್ಯಕ್ಕಾಗಿಯೂ ಜನರು ಅವುಗಳಂತೆ ನಡೆಯಲೆಂಬ ಆಶಯದಿಂದಲೂ ಮತ್ತೆ ಮತ್ತೆ ಹೇಳಿದುದಾಗಿ ತಿಳಿಸುತ್ತಾನೆ. ಕೆಲವೆಡೆ ಬರಹವು ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಾಗಿರಬಹುದೆಂದು ಒಪ್ಪಿಕೊಳ್ಳುತ್ತಾನೆ. ಆ ಪುನರುಕ್ತಿ ಕೇಳುವವರ ಹಿತಕ್ಕಾಗಿ ಬಂದುದರಿಂದ ಅದನ್ನು ಲಕ್ಕಮ್ಮನೂ ಹೆಚ್ಚಿನ ಅಕ್ಕಿಯೆಂದು ತಳ್ಳುತ್ತಿರಲಿಲ್ಲ. ಕೊರತೆಯನ್ನು ಬಲ್ಲವನಾಗಿಯೂ ಬರಹವನ್ನು ಲೋಕಕ್ಕೆ ಒಪ್ಪಿಸಿಬಿಡುವ ಆ ಧೈರ್ಯ, ಒಂದೇ ಅಧ್ಯಾಯವನ್ನು ತಿದ್ದುತ್ತ ಆಯುಷ್ಯ ಸವೆಸುವವರಿಗೆ ಅತ್ಯವಶ್ಯವಾದುದು. ಏಕೆಂದರೆ ನಿರ್ದೋಷತೆಯ ಹಂಬಲವೂ ಸಂಗ್ರಹಬುದ್ಧಿಯ ಇನ್ನೊಂದು ರೂಪವೇ.

ಕರಡು ಕೈಯಲ್ಲಿರುವ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಅದನ್ನು ಒಮ್ಮೆ ಗಟ್ಟಿಯಾಗಿ ಓದಿರಿ, ಬರೆದಂದು ಯಾವ ವಾಕ್ಯ ನಿಮ್ಮನ್ನು ಅತಿಯಾಗಿ ಹಿಗ್ಗಿಸಿತ್ತೋ ಆ ವಾಕ್ಯದಿಂದಲೇ ತಿದ್ದಲು ತೊಡಗಿರಿ.